ಹಲ್ಲಿಗಿಟ್ಟ ಗೋಡು

ನನ್ನ ಷಡ್ಡಕ ಮಣ್ಣನ್ನು ಹಲ್ಲಿನಲ್ಲಿ ನೋಡುತ್ತಿದ್ದ. ಚಿಟಿಕೆ ತೆಗೆದು ಹೆಬ್ಬೆರಳಲ್ಲಿ ಹೊಸಕಿ, ಮುಂದಿನ ಹಲ್ಲಿಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದ. ಕರಕರ ಅಂದರೆ ಮರಳು, ಬೆಣ್ಣೆಯಂತೆ ಜಾರಿದರೆ ಜೇಡಿ.

ನಾದಿನಿಯ ಗಂಡ, ಮೈಸೂರಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ನಾನು ಕವಲಂದೆ ಕಡೆ ಕೆರೆಯ ಗೋಡು, ಅದೇ ತಳದ ಹೂಳುಮಣ್ಣು, ತೆಗೆಸಿ ತೋಟದವರಿಗೆ ಮಾರುವವನು. ಒಂದು ಮಾತು ಹೇಳಿಬಿಡ್ತೀನಿ, ಗೋಡನ್ನು ಯಾವತ್ತೂ ಹಸಿಯಾಗಿ ಕೊಳ್ಳಬೇಡಿ. ಅರ್ಧ ನೀರನ್ನೇ ಹೊತ್ತುಕೊಂಡು ಹೋಗ್ತೀರಿ. ಇಷ್ಟು ತಿಳಿದ ಹಿರಿಯಳಿಯ ನಾನಿದ್ದರೂ, ಮೂಗೂರಿನ ಮಾವ ಹೆಂಟೆ ಹಿಡಿದು ಕೇಳುತ್ತಿದ್ದದ್ದು ಅವನನ್ನೇ: "ಇದ್ಯಾವ ಮಣ್ಣಪ್ಪಾ?" ನನ್ನನ್ನು ಒಂದು ಸಲವೂ ಕೇಳಿದ್ದಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವನು ಹಡಗಿನಲ್ಲಿ ಹೋಗಿ ಸಮುದ್ರದ ತಳ ಕೊರೆದು ಬಂದ ಮೇಲಂತೂ ಮುಗಿಯಿತು. ಜಗಲಿ ಮೇಲೆ ಕೂತು ಹೇಳಿದ: "ಕೊಳವೆ ತುಂಬ ಗೋಡೇ ಮಾವ. ಕೆಳಗಿನ ಪದರದಲ್ಲಿ ಸಣ್ಣ ಸಣ್ಣ ಚಿಪ್ಪು ಗಿಜಿಗಿಜಿ. ಆಮೇಲೆ ಬೆರಳು ದಪ್ಪ ಒಂದು ಕರೀ ಪಟ್ಟೆ. ಅದರ ಮೇಲೆ ಚಿಪ್ಪು ಹುಡುಕಿದರೂ ಸಿಗಲ್ಲ. ಆಕಾಶದಿಂದ ಬೆಟ್ಟದಂಥ ಕಲ್ಲು ಬಿದ್ದಿದ್ದಕ್ಕೆ ಆ ಪಟ್ಟೆಯೇ ಸಾಕ್ಷಿ. ಡೈನೋಸಾರ್ ಹೋಗಿದ್ದೂ ಆಗಲೇ."

ನಾನು ಟ್ರ್ಯಾಕ್ಟರ್‌ಗಟ್ಟಲೆ ಗೋಡು ತೆಗೆದರೆ ಕೂಲಿ, ಅವನು ಬೆರಳು ದಪ್ಪ ತೆಗೆದರೆ ಶಾಲು.

ಮುಂದಿನ ಭಾನುವಾರ ನಮ್ಮ ಕೆರೆಯಿಂದ ಕರೀ ಪಟ್ಟೆಯಿದ್ದ ಒಂದು ಹೆಂಟೆ ಒಯ್ದು ಮಾವನ ಮುಂದಿಟ್ಟು ಷಡ್ಡಕನಿಗೆ ಹೇಳಿದೆ: "ನಮ್ ಕೆರೇಗೂ ಬಿದ್ದದೆ ಕಣಪ್ಪ ನಿನ್ ಕಲ್ಲು."

ಷಡ್ಡಕ ಹಲ್ಲಿಗಿಟ್ಟ. "ಅಣ್ಣ, ಇದು ಆಲೆಮನೆ ಬೂದಿ. ಇನ್ನೊಂಚೂರು ತಿಂದ್ರೆ ಬೆಲ್ಲವೂ ಸಿಕ್ಕುತ್ತೆ."

ಮಾವ ಬಾಯಿಗೆ ಟವೆಲಿಟ್ಟು ನಕ್ಕರು. ನಾನು ಹೊರಟಾಗ ಷಡ್ಡಕ ಬೈಕಿನ ತನಕ ಬಂದ. "ಪಟ್ಟೆ ಕಂಡು ನಿಂತ್ರಲ್ಲ ಅಣ್ಣ, ಎಷ್ಟೋ ಜನಕ್ಕೆ ಅದು ಕಾಣೋದೇ ಇಲ್ಲ. ಹಲ್ಲಿಗಿಟ್ಟು ನೋಡ್ತಿರಿ, ಅಭ್ಯಾಸ ಆಗ್ತದೆ." ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ದುಬಾರಿ ಬಾಬತ್ತು. ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ.

ಹೋದ ವರ್ಷ ಷಡ್ಡಕನ ಎದೆ ಇದ್ದಕ್ಕಿದ್ದಂತೆ ನಿಂತಿತು. ತಿ. ನರಸೀಪುರದ ಹತ್ತಿರ, ಹೊಳೆ ಪಕ್ಕದ ಅವರಪ್ಪನ ಹೊಲದಲ್ಲಿ ಗುಣಿ ತೋಡಿದ್ದರು. ವಿಭೂತಿ, ಬಿಲ್ವಪತ್ರೆ ಆಗಿ, ಎಲ್ಲರೂ ಹಿಡಿಮಣ್ಣು ಹಾಕುವ ಹೊತ್ತು. ಮಾವ ಮುಷ್ಟಿ ಬಿಡಿಸಲಾರದೆ ನಿಂತಿದ್ದರು. ಆಮೇಲೆ ಪಕ್ಕಕ್ಕೆ ತಿರುಗಿ, "ಇದ್ಯಾವ ಮಣ್ಣಪ್ಪಾ?" ಅಂದರು.

ಪಕ್ಕದಲ್ಲಿದ್ದವನು ನಾನು.

ಅವರ ಮುಷ್ಟಿಯಿಂದಲೇ ಚಿಟಿಕೆ ತೆಗೆದು, ಹೊಸಕಿ, ಹಲ್ಲಿಗಿಟ್ಟೆ. "ಹೊಳೆ ಗೋಡು ಮಾವ. ಮೆತ್ತಗದೆ."

ಹೂಂ ಅಂದು ಬೆರಳು ಬಿಡಿಸಿದರು.