ಬುರುಲ್ಚಾ ಅರ್ಧ ಉರುಳಿಸಿದ ಉಣ್ಣೆ

ಬೆಟ್ಟದೂರು ಕೊಚ್ಕೋರಿನಲ್ಲಿ ಬುರುಲ್ಚಾ ಮಾಡಿದ ಉಣ್ಣೆಹಾಸಿನ ಮೇಲೆ ಚಹಾ ಚೆಲ್ಲಿದರೂ ಹನಿಹನಿಯಾಗಿ ಉರುಳಿಹೋಗುತ್ತಿತ್ತು. ನೂಲುವ, ನೇಯುವ ಗೊಡವೆಯಿಲ್ಲದ ಕೆಲಸ ಅದು: ಜೊಂಡಿನ ಚಾಪೆಯ ಮೇಲೆ ಉಣ್ಣೆ ಹರಡಿ, ಬಿಸಿನೀರು ಎರಚಿ, ಚಾಪೆ ಸುತ್ತಿ, ಉಣ್ಣೆ ಗಟ್ಟಿಯಾಗುವವರೆಗೆ ಉರುಳಿಸಬೇಕು. ಹದಿನಾಲ್ಕನೇ ವಯಸ್ಸಿನಿಂದ ಐವತ್ತೆಂಟರವರೆಗೆ ಅವಳು ಉರುಳಿಸುತ್ತಲೇ ಬಂದಿದ್ದಳು. ಗಂಡ ತೀರಿಕೊಂಡ ತಿಂಗಳಲ್ಲೂ ಒಂದು ಉರುಳು ಕಡಿಮೆ ಮಾಡಿರಲಿಲ್ಲ. ಬಾಯಿಗಿಂತ ಮೊಣಕೈಯೇ ಹೆಚ್ಚು ಆಡುವ ಹೆಂಗಸು.

ಅವಳ ಜೀವವೆಲ್ಲ ಮೇರಿಮ್. ಮಗನ ಚೊಚ್ಚಲ ಕೂಸು. ಮೊದಲ ಮೊಮ್ಮಗು ಅಜ್ಜಿಯ ಪಾಲು ಎಂಬ ರೂಢಿಯಂತೆ ಹಾಲು ಬಿಟ್ಟ ಕೂಡಲೇ ಬುರುಲ್ಚಾಳ ಮಡಿಲಿಗೆ ಬಂದವಳು. ಅಜ್ಜಿಯನ್ನೇ 'ಅಪಾ', ಅಂದರೆ ಅಮ್ಮ, ಎನ್ನುತ್ತಿದ್ದಳು. ಹೆತ್ತವಳು, ಸೊಸೆ ಗುಲ್ಜಾತ್, ದೂರದ ರಾಜಧಾನಿ ಬಿಷ್ಕೆಕ್‌ನಲ್ಲಿದ್ದಳು. ಅವಳು ಮಗುವಿಗೆ ಬರೀ 'ಎಜೆ', ಅಂದರೆ ಅಕ್ಕ. ಏಳು ವರ್ಷ ಇದು ಯಾರಿಗೂ ಚುಚ್ಚಿರಲಿಲ್ಲ. ಚುಚ್ಚಿಲ್ಲವೆಂದು ಬುರುಲ್ಚಾ ನಂಬಿದ್ದಳು.

ಆ ವಸಂತದಲ್ಲಿ ಐಪೆರಿ ಎಂಬ ಪಟ್ಟಣದ ಹುಡುಗಿ ಊರ ಲೈಬ್ರರಿಗೆ ಬಂದು, ಶನಿವಾರ ಶನಿವಾರ ಮಕ್ಕಳಿಂದ ಕೈಗೊಂಬೆ ಮಾಡಿಸತೊಡಗಿದಳು. ಬಾಯಲ್ಲಿ ಬಾರದ್ದನ್ನು ಗೊಂಬೆ ಹೇಳಬೇಕು, ಅಷ್ಟೇ ಆಟ. ಗೊಂಬೆಗೆ ಬೇಕಾದ ಉಣ್ಣೆಹಾಸು ಬುರುಲ್ಚಾಳದ್ದು. ಆರನೇ ಶನಿವಾರ ತುಂಡುಗಳನ್ನು ಕೊಡಲು ಹೋದವಳು ಬಾಗಿಲ ಬಳಿಯ ಬೆಂಚಿನಲ್ಲಿ ಸದ್ದಿಲ್ಲದೆ ಕೂತಳು.

ಮನೆಯಲ್ಲಿ 'ಹೂಂ', 'ಚೆನ್ನಾಗಿದೆ' ಬಿಟ್ಟು ಮೂರನೇ ಮಾತಾಡದ ಮೇರಿಮ್ ಇಲ್ಲಿ ಬೂದು ಗೊಂಬೆಯೊಂದನ್ನು ಕೈಗೆ ತೊಟ್ಟು, ಬಾಗಿಲಿಗೆ ಬೆನ್ನು ಮಾಡಿ, ಐಪೆರಿಯ ಮಂಡಿಗೆ ಒರಗಿ ಹರಟುತ್ತಿದ್ದಳು.

"ನಿನ್ನ ಹೊಟ್ಟೇಲಿ ಏನಿಟ್ಕೊಂಡಿದೀಯ, ಬೂದುಮರಿ?" ಐಪೆರಿ ಗೊಂಬೆಯನ್ನು ಕೇಳಿದಳು.

"ಗುಲ್ಜಾತ್ ಎಜೆನ ನೋಡ್ಬೇಕು," ಗೊಂಬೆ ಅಂದಿತು. "ಅಪಾಗೆ ಹೇಳ್ಬೇಡ. ಅವಳ ಮುಖ ಸಣ್ಣಗಾಗತ್ತೆ."

ಬುರುಲ್ಚಾಳ ಮುಖ ಅಲ್ಲೇ ಸಣ್ಣಗಾಯಿತು. ಕಿಚ್ಚು ಹತ್ತಿದ್ದು ಮೊದಲು ಸೊಸೆಯ ಮೇಲಲ್ಲ, ಆ ಮಂಡಿಯ ಮೇಲೆ. ಜ್ವರದಲ್ಲಿ ಹಣೆಗೆ ಒದ್ದೆ ಬಟ್ಟೆ ಇಟ್ಟವಳು ನಾನು, ಜಡೆ ಹೆಣೆದವಳು ನಾನು. ಗುಟ್ಟು ಮಾತ್ರ ಆರು ವಾರದ ಪರಿಚಯದವಳಿಗೆ!

"ಉಣ್ಣೆ ನಿಂದು, ಮಗು ನಿಂದು, ಹೆಸರು ಮಾತ್ರ ಪಟ್ಟಣದೋಳ್ದು," ಎಂದು ಪಕ್ಕದ ಮನೆಯ ಸೈರಾ ಅಂದು ಸಂಜೆ ಚಹಾದ ಬಟ್ಟಲು ಚಾಚುತ್ತ ಕಿಚಾಯಿಸಿದಳು. "ನಾಳೆ ಅವಳನ್ನೇ ಅಪಾ ಅಂದ್ರೆ ಏನ್ಮಾಡ್ತೀಯೇ?"

"ನಿನ್ನ ನಾಲಿಗೆ ಸುಡ್ಲಿ, ಚಹಾ ಕುಡಿ."

ಸೈರಾ ನಕ್ಕು ಕುಡಿದಳು. ಬುರುಲ್ಚಾ ಆ ಮಾತನ್ನು ರಾತ್ರಿಯಿಡೀ ಮೆಲುಕು ಹಾಕಿದಳು.

ಮುಂದಿನ ಶನಿವಾರದ ಹಾಸನ್ನು ಅವಳು ಬದುಕಿನಲ್ಲೇ ಮೊದಲ ಸಲ ಅರ್ಧ ಉರುಳಿಸಿ ಬಿಟ್ಟಳು. ಕಣ್ಣಿಗೆ ಗಟ್ಟಿ, ಕೈಗೆ ಮೋಸ. ಹರಿಯಲಿ. ಆಟ ಕೆಡಲಿ. ಮಗು ಅಳುತ್ತ ನನ್ನ ಬಳಿಗೇ ಓಡಿ ಬರಲಿ.

ಹರಿಯಿತು. ಬೆಂಚಿನಲ್ಲಿ ಕೂತೇ ನೋಡಿದಳು: ಮೇರಿಮ್‌ಳ ಬೆರಳು ಹೊಸ ಗೊಂಬೆಯ ಕೆನ್ನೆಯಿಂದ ಹೊರಬಂತು. ಮಗು ಅಳಲಿಲ್ಲ. ಎಳೆಯೊಂದನ್ನು ಹಿಂಜಿ ಕಿಟಕಿಯ ಬೆಳಕಿಗೆ ಹಿಡಿಯಿತು.

"ಅಪಾಗೆ ಏನೋ ನೋವಾಗಿದೆ," ಅಂದಳು ಮೇರಿಮ್, ಗೊಂಬೆಯ ಕೀರಲು ದನಿ ಬಿಟ್ಟು ತನ್ನದೇ ದನಿಯಲ್ಲಿ. "ಇಲ್ಲಾಂದ್ರೆ ಅವಳು ಹೀಗೆ ಬಿಡೋಳಲ್ಲ."

ಐಪೆರಿ ಬೆಂಚಿನ ಕಡೆ ತಿರುಗಿದಳು. "ಬುರುಲ್ಚಾ ಎಜೆ, ನೀವೂ ನಮ್ಜೊತೆ ಬಂದು ಕೂತ್ಕೊಳ್ಳಿ."

ಅವಳ ಕಣ್ಣುಗಳಲ್ಲಿ ದೂರು ಇರಲಿಲ್ಲ. ಬುರುಲ್ಚಾಳಿಗೆ ಅದನ್ನೂ ಸಹಿಸಲಾಗಲಿಲ್ಲ. ಹರಿದ ಗೊಂಬೆಯನ್ನು ಎತ್ತಿಕೊಂಡು, ಮಗುವಿನ ಕೈಹಿಡಿದು ಮನೆಗೆ ನಡೆದಳು.

ಅಂಗಳದಲ್ಲಿ ಚಾಪೆ ಬಿಚ್ಚಿ, ಹರಿದ ತುಂಡಿನ ಮೇಲೆ ಹೊಸ ಉಣ್ಣೆ ಹರಡಿ, ಬಿಸಿನೀರು ಎರಚಿ ಸುತ್ತಿದಳು. ಇಬ್ಬರೂ ಪಕ್ಕಪಕ್ಕ ಮಂಡಿಯೂರಿ ಉರುಳಿಸತೊಡಗಿದರು.

"ಬೇಕೂಂತಲೇ ಹಾಗೆ ಮಾಡ್ದೆ, ನನ್ನ ಕುರಿಮರಿ," ಅಂದಳು ಬುರುಲ್ಚಾ.

"ಗೊತ್ತು."

"ನಂಗೆ ಹೊಟ್ಟೆಕಿಚ್ಚು ಕಣೇ."

"ಗೊಂಬೆ ಮೇಲಾ?"

"ಗೊಂಬೆ ಮೇಲೆ. ಆ ಹುಡುಗಿ ಮೇಲೆ. ನೀನು ಯಾರ್‍ಯಾರನ್ನ ನೆನೆಸ್ಕೋತೀಯೋ ಎಲ್ರ ಮೇಲೂ."

ಮೇರಿಮ್ ಚಾಪೆಯನ್ನು ಇನ್ನೊಂದು ಸುತ್ತು ಉರುಳಿಸಿದಳು. "ಹಾಗಾದ್ರೆ ಈಗ ನಿನ್ನನ್ನೇ ಕೇಳ್ತೀನಿ. ಗುಲ್ಜಾತ್ ಎಜೆಗೆ ಫೋನ್ ಮಾಡೋಣ್ವಾ?"

ಬುರುಲ್ಚಾಳ ಮೊಣಕೈ ನಿಂತಿತು. ಮುಖ ಸಣ್ಣಗಾಗದಂತೆ ಹಿಡಿದುಕೊಳ್ಳಲು ನೋಡಿದಳು, ಆಗಲಿಲ್ಲ. ಮಗು ಅದನ್ನು ನೋಡಿತು, ಆದರೂ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಮಾಡೋಣ. ಮುನ್ನೂರು ಉರುಳಾಗ್ಲಿ."

ಮೇರಿಮ್ ಜೋರಾಗಿ ಎಣಿಸತೊಡಗಿದಳು. ಮುನ್ನೂರು ಬಾರದಿರಲಿ ಎಂದು ಬುರುಲ್ಚಾಳ ಮನಸ್ಸು ಒಂದೇ ಸಮನೆ ಬೇಡುತ್ತಿತ್ತು. ಇನ್ನೂರ ಎಪ್ಪತ್ತು ಅಂದ ಮೇಲೆ ಮಗು ಎಣಿಕೆ ತಪ್ಪಿ ಮತ್ತೆ ಇನ್ನೂರ ಐವತ್ತು ಅಂದಿತು.

"ಇನ್ನೂರ ಎಪ್ಪತ್ತೊಂದು," ಎಂದು ತಿದ್ದಿದಳು ಬುರುಲ್ಚಾ, ಉರುಳಿಸುತ್ತಲೇ.