ತಿಂಗಳಿಗೆ ಎರಡು ನಿಮಿಷ

ಕೊಳ್ಳೇಗಾಲದ ಮನೆಯಲ್ಲೇ ಕೂತು ರಂಗನಾಥ ವಿಮಾ ಕಂಪನಿಯೊಂದರ ಮೇನ್‌ಫ್ರೇಮ್ ಕಂಪ್ಯೂಟರಿನ ತಿಂಗಳ ವರದಿ ಓದಿ, ಬೇಡದ ಖರ್ಚು ಹುಡುಕುತ್ತಿದ್ದ. ಯಾವ ಸಾಫ್ಟ್‌ವೇರ್ ಎಷ್ಟು ಹೊತ್ತು ಓಡಿತು, ಅದರ ಲೈಸೆನ್ಸಿಗೆ ಎಷ್ಟು ಖರ್ಚು, ಎಲ್ಲವೂ ಅದರಲ್ಲಿತ್ತು. ಓಡಿಸಿದವರ ಹೆಸರು ಮಾತ್ರ ಇರಲಿಲ್ಲ.

“ಕಮ್ಮಿ ಓಡೋದ್ನ ಮೊದ್ಲು ಕಿತ್ತಾಕ್ಲಾ” ಎಂದು ಈ ಕೆಲಸ ಕಲಿಸಿದವನು ಅದೇ ಕಂಪನಿಯಲ್ಲಿದ್ದ ಬಂಡಳ್ಳಿಯ ಶಾಂತರಾಜಣ್ಣ. ತಿಂಗಳಿಗೆ ಎರಡೇ ನಿಮಿಷ ಓಡುತ್ತಿದ್ದ ದುಬಾರಿ ಸಾಫ್ಟ್‌ವೇರ್ ಒಂದರ ಮುಂದೆ ರಂಗನಾಥ ‘ಬೇಡ’ ಎಂದು ಬರೆದ. ಕಂಪನಿ ಅದನ್ನು ತೆಗೆದುಹಾಕಿ ಅವನ ಬೆನ್ನು ತಟ್ಟಿತು.

ಮರುತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಶಾಂತರಾಜಣ್ಣ ಸಿಕ್ಕ.

“ಕೆಲ್ಸ ಓಯ್ತು ಕಣ್ಲಾ. ತಿಂಗ್ಳೆಲ್ಲಾ ಹಳೇ ಪಾಲಿಸಿ ಸರಿಮಾಡಿ, ಕೊನೇಲಿ ಎರಡು ನಿಮಿಷ ನೀ ಕಿತ್ತಾಕ್ಸಿದ್ ಸಾಫ್ಟ್‌ವೇರ್‌ನಲ್ಲಿ ಓಡಿಸ್ತಿದ್ದೆ.”

ರಂಗನಾಥ ಅವನ ಕೈ ಹಿಡಿದ. “ಅಣ್ಣಾ...”

“ತಪ್ಪೇನಿಲ್ಲ. ನಾನ್ ಏಳ್ಕೊಟ್ಟಂಗೇ ಓದಿದ್ದೀಯೆ,” ಎಂದು ಶಾಂತರಾಜಣ್ಣ ಬಸ್ಸು ಹತ್ತಿದ.