ಹುಳುಮನೆಯ ಕತ್ತಲು

ನಮ್ಮ ಸೀಮೆಹಸು ಕೆರೆ ಏರಿಯ ಲಂಟಾನ ಸೊಪ್ಪು ಮೇದು ಬಂದ ವಾರದೊಳಗೆ ಅದರ ಬಿಳಿ ಚರ್ಮವೆಲ್ಲ ಸುಲಿಯತೊಡಗಿತು. ಕಪ್ಪು ಮಚ್ಚೆಗಳಿಗೆ ಏನೂ ಆಗಿರಲಿಲ್ಲ. ಅಪ್ಪ ದಿಷ್ಟಿ ಎಂದ. ವಕ್ಕಲೇರಿಯಿಂದ ಬಂದ ದನದ ಡಾಕ್ಟರು ಮಾತ್ರ, ಸೊಪ್ಪಿನಿಂದ ಲಿವರ್ ಕೆಟ್ಟು ಏನೋ ಒಂದು ಚರ್ಮದಲ್ಲಿ ಬಂದು ನಿಂತಿದೆ, ಬಿಸಿಲು ಬಿದ್ದರೆ ಸುಡುತ್ತದೆ, ಕಪ್ಪು ಚರ್ಮ ಬಿಸಿಲನ್ನು ತಡೆಯುತ್ತದೆ, ಹಸುವನ್ನು ಕತ್ತಲಲ್ಲಿ ಕಟ್ಟಿ ಎಂದರು. ಆಗ ನಾನು ಕೋಲಾರದಲ್ಲಿ ಕಾಲೇಜು ಓದುತ್ತಿದ್ದೆ. ಬಿಸಿಲಿಗೆ ಮಾತ್ರ ಏಳುವ ವಿಷ! ಅವರು ಹೋದ ಮೇಲೂ ನನ್ನ ತಲೆಯಲ್ಲಿ ಅದೇ ಹುಳ ಕೊರೆಯುತ್ತಿತ್ತು.

ಮನೆಯಲ್ಲಿ ಕತ್ತಲಿದ್ದದ್ದು ರೇಷ್ಮೆ ಸಾಕುವ ಹುಳುಮನೆ ಒಂದೇ. ಗೂಡು ಮಾರಿದ ಮೇಲೆ ಖಾಲಿ ಇತ್ತು. ಅಪ್ಪ ಗೊಣಗಿದರೂ ಅತ್ತೆ ಹಸುವನ್ನು ಅಲ್ಲೇ ಕಟ್ಟಿದಳು. ಅಪ್ಪನ ಅಕ್ಕ ಅವಳು, ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಳು. ಸಿಟ್ಟು ಬಂದರೆ ತೆಲುಗು, ಇಲ್ಲದಿದ್ದರೆ ಕನ್ನಡ. ಹೊಗೆಸೊಪ್ಪು ತಾಕಿದರೆ ಹುಳು ಸಾಯುತ್ತದೆಂದು, ಸಾಕುವ ದಿನಗಳಲ್ಲಿ ಸೋಪು ಹಚ್ಚಿ ಕೈ ತೊಳೆದು, ಬಾಯಿ ಮುಕ್ಕಳಿಸಿಯೇ ಒಳಗೆ ಹೋಗುತ್ತಿದ್ದಳು. ಹೊರಗೆ ಬಂದವಳೇ ಮತ್ತೆ ಹೊಗೆಸೊಪ್ಪನ್ನು ದವಡೆಗೆ ಒತ್ತರಿಸುತ್ತಿದ್ದಳು. ಅದೇ ದವಡೆಯಲ್ಲಿ ಈಗ ಕ್ಯಾನ್ಸರ್ ಹುಣ್ಣು. ಬೆಂಗಳೂರಿನಲ್ಲಿ ಕೆನ್ನೆ ಕೊಯ್ಯಬೇಕು ಅಂದಿದ್ದರು. ಅವಳು ಸುತರಾಂ ಒಪ್ಪಿರಲಿಲ್ಲ.

ಅವಳನ್ನು ಕೋಲಾರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಾಗ ಹಸುವಿನ ಕಥೆ ಹೇಳಿ, ಹೀಗೆ ಹುಣ್ಣನ್ನಷ್ಟೇ ಸುಡಲಾಗದೇ ಎಂದು ಕೇಳಿದೆ. ಆಕೆ ನಗಲಿಲ್ಲ. ಹೊರದೇಶಗಳಲ್ಲಿ ಅದನ್ನೇ ಮಾಡಿ ನೋಡುತ್ತಿದ್ದಾರೆ, ಔಷಧಿ ಚುಚ್ಚಿ ಗಡ್ಡೆಯ ಮೇಲೆ ಕೆಂಪು ಬೆಳಕು ಬಿಡುತ್ತಾರೆ, ಆಮೇಲೆ ವಾರಗಟ್ಟಲೆ ರೋಗಿ ಬಿಸಿಲಿಗೆ ಬರುವಂತಿಲ್ಲ ಎಂದರು. ಬೆಳಕಿಗೆ ಸತ್ತ ಗಡ್ಡೆಯನ್ನು ಕಂಡು ಮೈಯೊಳಗಿನ ಕಾವಲುಗಾರರು ಎಚ್ಚೆತ್ತು, ಉಳಿದದ್ದನ್ನು ಹಿಡಿಯಬಹುದೇನೋ ಎಂಬ ಅನುಮಾನವೂ ಇದೆಯಂತೆ.

"ಇಷ್ಟ್ ದಿನ ಅವ್ರು ಎಲ್ಲಿ ಮಲ್ಗಿದ್ರು?" ಅತ್ತೆ ಕೇಳಿದಳು.

"ಕಳ್ಳ ಮನೆಯವನೇ ಆದ್ರೆ ನಾಯಿ ಬೊಗಳುತ್ತೇನಮ್ಮ?" ಎಂದರು ಡಾಕ್ಟರಮ್ಮ.

ಅತ್ತೆ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. "ನಂಗೆ ಆ ಬೆಳಕೇ ಕೊಡ್ಸಿ ಡಾಕ್ಟ್ರಮ್ಮ. ನಮ್ಮನೇಲಿ ಕತ್ಲು ಕೋಣೆ ಐತೆ."

"ಇಲ್ಲಿಗಿನ್ನೂ ಬಂದಿಲ್ಲಮ್ಮ. ಅದಕ್ಕೆ ಕಾಯ್ತಾ ಕೂರ್ಬೇಡಿ, ಬೆಂಗಳೂರಿಗೆ ಹೋಗಿ."

ಕೊನೆಗೆ ಹೋಗಲು ಒಪ್ಪಿದಳು. ಹೊರಡುವ ಹಿಂದಿನ ದಿನ ನೋಡಿದರೆ, ಹುಳುಮನೆಯಲ್ಲಿ ಹಸುವಿನಿಂದ ಆಚೆಗೆ ಒಂದು ಮೂಲೆ ಗುಡಿಸಿ ಚಾಪೆ ಹಾಸುತ್ತಿದ್ದಾಳೆ. ಆ ಔಷಧಿ ಬಂದಿಲ್ಲ ಅಂದರಲ್ಲ ಅತ್ತೆ ಎಂದೆ.

"ಬಂದ್ಮೇಲೆ ಜಾಗ ಹುಡುಕ್ತಾ ಕೂರಕ್ಕಾಗುತ್ತೇನೇ?"

ಕೆನ್ನೆ ಕೊಯ್ದರು. ಅವಳು ಮನೆಗೆ ಬರುವಷ್ಟರಲ್ಲಿ ಹಸುವಿಗೆ ಹೊಸ ಬಿಳಿ ಕೂದಲು ಬಂದಿತ್ತು, ಅದನ್ನು ಹೊರಗೆ ಕಟ್ಟಿದ್ದೆವು. ಚಾಪೆಯನ್ನು ಮಾತ್ರ ಅತ್ತೆ ತೆಗೆಯಗೊಡಲಿಲ್ಲ, ಸುತ್ತಿ ಅಲ್ಲೇ ಮೂಲೆಗಿಟ್ಟಳು. ವರ್ಷದೊಳಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು, ಆಮೇಲೆ ಮಾತು ನಿಂತಿತು. ನಾನು ಕೋಲಾರದಿಂದ ಬಂದಾಗಲೆಲ್ಲ ಹುಳುಮನೆಯತ್ತ ಕೈ ತೋರಿಸಿ ಹುಬ್ಬೇರಿಸುತ್ತಿದ್ದಳು. ಬಂತಾ ಅಂತ. ಇನ್ನೂ ಇಲ್ಲ ಅತ್ತೆ ಅನ್ನುತ್ತಿದ್ದೆ. ಸಾಯುವ ವಾರವೂ ಕೇಳಿದಳು.